ನಡುವೆ ನೆಗೆಯುವ ಹಾಡು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ನಾಲಿಗೆ ಮೇಲೆ ಹುಣ್ಣೆದ್ದು, ಇನ್ನು ಮುಂದೆ ನಾನು ಕೈಸನ್ನೆಯಲ್ಲೇ ಕತೆ ಹೇಳುವಂತಾಗಲಿ. ನಡೆದದ್ದು ನಡೆದ ಹಾಗೇ ಹೇಳುತ್ತೇನೆ.

ಗುಡುಗಣ್ಣ ಅಂತ ಒಬ್ಬ ರಾಕ್ ಗಿಟಾರಿನವನು. ಅವನು ತಂತಿ ಮೀಟಿದರೆ ಮೂರು ಬೀದಿ ಆಚೆಯ ಪಾರಿವಾಳಗಳು ಮನೆ ಬದಲಾಯಿಸುತ್ತಿದ್ದವು, ಹುಟ್ಟು ಕಿವುಡರೂ ಕಿವಿ ಮುಚ್ಚಿಕೊಳ್ಳುತ್ತಿದ್ದರು. ತಲೆ ನರೆತು ಮೊಣಕಾಲು ಮುಷ್ಕರ ಹೂಡಿದ ಮೇಲೆ ಅವನಿಗೊಂದು ಆಸೆ ಹುಟ್ಟಿತು. ತನ್ನ ಹಾಡು ಬಾರಿಸಿದ್ದು ಸಾಕು, ತನ್ನನ್ನು ಬೆಳೆಸಿದ ಬೇರೆಯವರ ಹಾಡುಗಳದ್ದೇ ಒಂದು ಆಲ್ಬಮ್ ಮಾಡಬೇಕು. ಎಲ್ಲ ಮುಗಿದು ಒಂದು ಹಾಡು ಉಳಿಯಿತು. ಅದನ್ನು ಅಕ್ಕನೇ ಹಾಡಬೇಕು ಅಂತ ಅವನ ಹಟ.

ಅಮ್ಮ ತೀರಿಕೊಂಡ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅಕ್ಕ. ಕ್ಯಾಸೆಟ್ ಹಾಕಿ, ಜೊತೆಗೆ ತಾನೂ ಹಾಡಿ, ಆ ಹಾಡಿನಲ್ಲೇ ಅವನನ್ನು ಮಲಗಿಸಿದವಳು. ಆದರೆ ಗಂಟಲಿನ ಆಪರೇಷನ್ ಆದಂದಿನಿಂದ ಅವಳ ದನಿ ತುಕ್ಕು ಹಿಡಿದ ಗೇಟಿನಂತಾಗಿತ್ತು. ಮಾತಾಡುತ್ತಿದ್ದಳು, ಬೈಯುತ್ತಿದ್ದಳು. ಹಾಡು ಮಾತ್ರ ಬಿಟ್ಟೇ ಬಿಟ್ಟಿದ್ದಳು.

“ನೀನು ಬಾರಿಸೋದು ಕೇಳೋಕೆ ಬರ್ತೀನಿ ಕಣೋ. ಹಾಡು ಅಂದ್ಯೋ, ಆ ಗಿಟಾರು ನಿನ್ನ ಬೆನ್ನ ಮೇಲೆ ಮುರೀತೀನಿ,” ಅಂದಿದ್ದಳು.

ಅವಳು ಬರುವ ದಿನ ಬೆಳಿಗ್ಗೆ ಸ್ಟುಡಿಯೋದಲ್ಲಿ ಹೊಸ ತಲೆನೋವು ಶುರುವಾಯಿತು. ಹಾಡಿನ ನಡುವೆ ಒಂದು ಕಡೆ ಗುಡುಗಣ್ಣ ಇದ್ದಕ್ಕಿದ್ದಂತೆ ತಾಳ ಮುಗಿಯುವ ಮೊದಲೇ ಮುಂದಿನ ಸಾಲಿಗೆ ನೆಗೆಯುತ್ತಿದ್ದ. ಡ್ರಮ್ಮಿನವನು ಪ್ರತಿಸಲವೂ ಅಲ್ಲೇ ಎಡವುತ್ತಿದ್ದ.

“ಗುರುವೇ, ಅಲ್ಲೇನು ಗುಂಡಿ ಇದೆಯಾ, ಹಾರ್ತಾ ಇದೀರಲ್ಲ?”

“ಹಾಡು ಇರೋದೇ ಹಂಗೆ ಕಣಯ್ಯಾ.”

ಸೌಂಡ್ ಇಂಜಿನಿಯರ್ ಹುಡುಗಿ ಮೂಲ ಹಾಡನ್ನು ಹುಡುಕಿ ಹಾಕಿದಳು. ಅಲ್ಲಿ ಗುಡುಗಣ್ಣ ಜನ್ಮದಲ್ಲೇ ಕೇಳಿರದ ಒಂದು ಸಾಲಿತ್ತು: ಬಾಗಿಲಲ್ಲಿ ನಿಂತು ಮಗುವನ್ನು ಕೂಗುವ ತಾಯಿಯ ಸಾಲು. ಅವನಿಗೆ ಕ್ಯಾಸೆಟ್ಟಿನ ರೀಲಿಗೆ ಅಂಟಿಸಿದ್ದ ತೇಪೆ ನೆನಪಾಯಿತು. ಟೇಪ್ ರೆಕಾರ್ಡರ್ ರೀಲು ತಿಂದುಹಾಕಿರಬೇಕು, ಅಕ್ಕ ಉಳಿದದ್ದನ್ನೇ ಪೂರ್ತಿ ಹಾಡು ಅಂತ ಕಲಿತಿರಬೇಕು. ಇಷ್ಟು ದಿನ ತಪ್ಪು ಹಾಡಿದೆ ಅಂತ ಗೊತ್ತಾದರೆ ಅವಳು ಇನ್ನೆಂದಾದರೂ ಬಾಯಿ ಬಿಡುತ್ತಾಳೆಯೇ?

“ಸಾಲು ಸೇರಿಸಿಯೇ ಬಾರಿಸ್ತೀನಿ, ಗಿಟಾರಿನ ಗದ್ದಲದಲ್ಲಿ ಅವಳಿಗೆ ಗೊತ್ತಾಗಲ್ಲ. ಅಕ್ಕನ ಮುಂದೆ ಮಾತ್ರ ಯಾರೂ ಉಸಿರೆತ್ತಬೇಡಿ,” ಅಂದ.

ಅಕ್ಕ ಬಂದಳು. ಗಾಜಿನಾಚೆ ಹೆಡ್‌ಫೋನ್ ಹಾಕಿಕೊಂಡು ಕೂತಳು. ಇವರು ಬಾರಿಸಿದರು. ಆ ಜಾಗ ಬಂದದ್ದೇ ತಡ, ಬಾಗಿಲು ದಬ್ಬಿಕೊಂಡು ಒಳಗೆ ನುಗ್ಗಿದಳು.

“ನಿಲ್ಸೋ! ಅದನ್ನ ಯಾಕೋ ಬಾರಿಸ್ದೆ?”

“ಮೂಲದಲ್ಲಿ ಹಂಗೇ ಇದೆಯಂತೆ ಅಕ್ಕಾ... ನಮ್ಮ ಟೇಪ್ ರೆಕಾರ್ಡರ್ ತಿಂದಿತ್ತು ಅನ್ಸತ್ತೆ.”

“ತಿನ್ನೋಕೆ ಟೇಪ್ ರೆಕಾರ್ಡರಿಗೇನು ಹಲ್ಲಿತ್ತಾ? ನಾನೇ ಕತ್ತರಿಸಿದ್ದು!”

ಅಕ್ಕ ಎರಡು ಬೆರಳನ್ನು ಕತ್ತರಿಯಂತೆ ಆಡಿಸಿ ತೋರಿಸಿದಳು.

“ಆ ಸಾಲು ಬಂದ್ರೆ ಸಾಕು, ಅಮ್ಮ ಬೇಕು ಅಂತ ರಂಪ ಮಾಡ್ತಿದ್ದೆ. ಎಲ್ಲಿಂದ ತಂದುಕೊಡ್ಲಿ ನಾನು? ಕತ್ತರಿ ತಗೊಂಡೆ, ಕಚಕ್ ಅನಿಸ್ದೆ, ಅಂಟಿಸ್ದೆ. ಆಮೇಲೆ ನಿದ್ದೆ ಮಾಡಿದ್ಯಪ್ಪಾ ನೀನು.”

ಗುಡುಗಣ್ಣ ಗಿಟಾರಿನ ತಂತಿ ಬಿಗಿಯುವ ಕಿವಿ ತಿರುಗಿಸುವ ನೆಪ ಮಾಡಿ ತಲೆ ತಗ್ಗಿಸಿದ. ಕಿವಿ ತಿರುಗುತ್ತಲೇ ಇತ್ತು, ತಂತಿ ಪಟ್ಟನೆ ಹರಿಯಿತು.

“ಈಗ ದೊಡ್ಡವನಾಗಿದೀನಿ ಅಕ್ಕಾ,” ಅಂದ ಮೆಲ್ಲಗೆ.

“ಕಾಣ್ತಾ ಇದೆಯಲ್ಲ, ಮೂಗು ಒರೆಸ್ಕೋ. ತಂತಿ ಹಾಕು. ಹೆಂಗೆ ನೆಗೀಬೇಕು ಅಂತ ತೋರಿಸ್ತೀನಿ. ಲೋ ಡ್ರಮ್ಮು, ನೀನೂ ನೋಡ್ಕೋ.”

ಮೈಕಿನ ಮುಂದೆ ನಿಂತಳು. ದನಿ ಕಿರುಗುಟ್ಟಿತು, ಒಡೆಯಿತು, ಒಂದೆರಡು ಕಡೆ ಬರೀ ಗಾಳಿ ಬಂತು. ನಿಲ್ಲಿಸಲಿಲ್ಲ. ಪಾರಿವಾಳ ಓಡಿಸಿದ ಗುಡುಗಣ್ಣ ಅವಳ ಉಸಿರು ಮುಳುಗದಷ್ಟು ಸಣ್ಣಗೆ ಬಾರಿಸಿದ. ಆ ಜಾಗ ಬಂದಾಗ ಅಕ್ಕ ತಮ್ಮ ಒಟ್ಟಿಗೆ ನೆಗೆದರು. ಡ್ರಮ್ಮಿನವನೂ ಎಡವದೆ ದಾಟಿದ. ಆಲ್ಬಮ್ಮಿನಲ್ಲಿ ಉಳಿದದ್ದು ಅದೇ.

ನಿಮ್ಮ ಮನೆಯಲ್ಲೂ ತಪ್ಪುತಪ್ಪಾಗಿ ಹಾಡಿ ನಿಮ್ಮನ್ನು ಮಲಗಿಸಿದವರು ಒಬ್ಬರು ಇದ್ದೇ ಇರುತ್ತಾರೆ. ಹೋಗಿ, ಕೈಹಿಡಿದು ಕರ್ಕೊಂಡು ಬನ್ನಿ. ಅವರು ಹಾಡುವ ತನಕ ನಾನಂತೂ ಈ ಕುರ್ಚಿ ಬಿಟ್ಟು ಏಳುವವನಲ್ಲ. ಬರುವಾಗ ಒಂದು ಲೋಟ ಚಹಾ ತಂದರೆ ಬೇಡ ಅನ್ನುವವನೂ ಅಲ್ಲ.