ಹಲಗೆಯ ಮೇಲಿದ್ದಂತೆ

ಕರಡಕ್ಕ ಎನ್ನುವುದು ಅವಳಿಗೆ ಅಚ್ಚುಕೂಟದವರು ಇಟ್ಟ ಹೆಸರು. ಪುಸ್ತಕಗಳ ಕರಡು ತಿದ್ದುವುದರಲ್ಲೇ ತಲೆ ನರೆತವಳು. ಒಂದು ಒತ್ತಕ್ಷರ ಜಾರಿದರೂ ಅವಳ ಕಣ್ಣಿಗೆ ಮಣ್ಣೆರಚಿ ಹೋಗುವಂತಿರಲಿಲ್ಲ. ಬೆನ್ನ ಹಿಂದೆ ಅಲ್ಲಿನ ಹುಡುಗರು ‘ಕರಡಿಯಕ್ಕ’ ಎನ್ನುತ್ತಿದ್ದುದೂ ಅವಳಿಗೆ ಗೊತ್ತಿತ್ತು. ಅದಕ್ಕೆಲ್ಲ ಅವಳು ತಲೆಕೆಡಿಸಿಕೊಂಡವಳಲ್ಲ.

ನಿವೃತ್ತಳಾದ ಮೇಲೆ ಸುಮ್ಮನೆ ಕೂರಲಾರದೆ, ಎಲ್ಲರೂ ಸೇರಿ ಬರೆಯುವ ಅಂತರ್ಜಾಲದ ವಿಶ್ವಕೋಶಕ್ಕೆ ಸೇರಿಕೊಂಡಳು. ಅಲ್ಲಿ ಹೊಸಬರಿಗೆ ಕೈಹಿಡಿದು ಕಲಿಸುವವರು ಬೇಕು ಎಂದಾಗ ತಾನಾಗಿಯೇ ಮುಂದೆ ಬಂದಳು. ಆದರೆ ಬಂದ ಹೊಸಬರೆಲ್ಲ ಅವಳ ತಿದ್ದುಪಡಿಗಳನ್ನು ನೋಡಿ ಕಾಲಿಗೆ ಬುದ್ಧಿ ಹೇಳಿದ್ದರು.

“ನೀನು ಅವರಿಗೆ ಕಲಿಸ್ತೀಯೋ, ಅವರ ಚರ್ಮ ಸುಲೀತೀಯೋ?” ಎಂದು ಜೊತೆಗಿದ್ದ ತಂಗಿ ಕೇಳಿದ್ದಳು.

ಆ ಮಾತು ನಾಟಿತ್ತು. ಇನ್ನು ಮುಂದೆ ಬರುವವರನ್ನು ಏನೇ ಆದರೂ ಬಿಟ್ಟುಕೊಡುವುದಿಲ್ಲ ಎಂದು ಕರಡಕ್ಕ ನಿರ್ಧರಿಸಿದಳು.

ಬಂದವಳು ಒಬ್ಬ ಜೆರಾಕ್ಸ್ ಅಂಗಡಿಯವಳು. ಬರೆದದ್ದು ಪುಟ್ಟ ಲೇಖನ. ಬಳಸದೆ ಬಿಟ್ಟ ಬಾವಿಯೊಳಗೆ ಕೆಟ್ಟ ಗಾಳಿ ತುಂಬಿರುತ್ತದೆ, ಪರೀಕ್ಷಿಸದೆ ಇಳಿಯಬಾರದು, ಮೇಲೆ ಹಗ್ಗ ಹಿಡಿದವರಿಲ್ಲದೆ ಇಳಿಯಲೇಬಾರದು, ಒಳಗೆ ಬಿದ್ದವರನ್ನು ಎತ್ತಲು ಹಿಂದೆಯೇ ಇಳಿಯುವುದಂತೂ ಕೂಡದು ಎಂದೆಲ್ಲ ಇತ್ತು. ವಿಷಯ ಚಿನ್ನದಂಥದ್ದು. ಆದರೆ ಶೀರ್ಷಿಕೆ ‘ಹಾಳು ಭಾವಿ’! ಬಾವಿ ಎಂದರೆ ನೀರಿನದು, ಭಾವಿ ಎಂದರೆ ಮುಂದೆ ಬರಲಿರುವುದು. ಲೇಖನದ ಉದ್ದಕ್ಕೂ ಅದೇ ಭಕಾರ. ಕೊನೆಯಲ್ಲಿ, ಮಾಹಿತಿ ಎಲ್ಲಿಂದ ಸಿಕ್ಕಿತೆಂದು ಹೇಳಬೇಕಾದ ಜಾಗದಲ್ಲಿ, ‘ಮೂಲ: ನಮ್ಮಣ್ಣ’ ಎಂದಿತ್ತು.

ಕರಡಕ್ಕ ಅದನ್ನು ನೋಡುವಷ್ಟರಲ್ಲಿ ‘ಹದ್ದು’ ಎಂಬ ಹೆಸರಿನಲ್ಲಿ ಬರೆಯುವ ಹಳಬನೊಬ್ಬ ಚರ್ಚೆಯ ಪುಟದಲ್ಲಿ ಕುಟುಕಿ ಆಗಿತ್ತು: “ನಮ್ಮೆಲ್ಲರ ಭಾವಿಯೂ ಹಾಳೇ ಬಿಡಿ. ನಿಮ್ಮಣ್ಣ ಯಾವ ಗ್ರಂಥಾಲಯದಲ್ಲಿ ಸಿಗ್ತಾರೆ?” ಅದರ ಕೆಳಗೆ ಸೂಚನೆ: ಒಂದು ವಾರದೊಳಗೆ ಸರಿಯಾದ ಮೂಲ ಕೊಡದಿದ್ದರೆ ಪುಟವನ್ನು ಅಳಿಸಲಾಗುವುದು.

ಕರಡಕ್ಕ ಅಂಗಡಿಯವಳಿಗೆ ತನ್ನ ನಂಬರು ಕೊಟ್ಟು, ಒಮ್ಮೆ ಫೋನ್ ಮಾಡಿ ಎಂದು ಬರೆದಳು. ಉತ್ತರವಿಲ್ಲ. ಮತ್ತೆ ಬರೆದಳು. ಕೊನೆಗೊಂದು ಮಧ್ಯಾಹ್ನ ಫೋನ್ ಬಂತು.

“ಅಳಿಸಿಬಿಡಿ ಮೇಡಂ. ಅದೆಲ್ಲ ನಮ್ಮಂಥೋರಿಗಲ್ಲ.”

“ಮೇಡಂ ಅಲ್ಲ, ಅಕ್ಕ ಅನ್ನು. ಅಳಿಸೋಕೆ ನಾನು ಬಿಡಲ್ಲ. ಮೂಲ ಹುಡುಕೋಣ, ಆ ಭ ಒಂದನ್ನ ಸರಿ ಮಾಡೋಣ, ಅಷ್ಟೇ.”

“ಭ ತೆಗೆಯಲ್ಲ.” ದನಿ ಗಡುಸಾಯಿತು. “ನಮ್ಮಣ್ಣ ಬಾವಿ ಶುಚಿ ಮಾಡೋ ಕೆಲಸದವನು ಅಕ್ಕ. ನನ್ನ ಅಂಗಡಿ ಮುಂದೆ ಅವನೇ ಬಣ್ಣದಲ್ಲಿ ಬರೆದ ಹಲಗೆ ಇನ್ನೂ ಇದೆ, ‘ಭಾವಿ ಕೆಲಸಕ್ಕೆ ಕರೆಯಿರಿ’ ಅಂತ. ಜೊತೆಗಾರ ಒಳಗೆ ಬಿದ್ದ ಅಂತ ಎತ್ತೋಕೆ ಇಳಿದ. ಇಬ್ಬರನ್ನೂ ಹೆಣವಾಗಿ ಎತ್ತಿದ್ರು. ಎಲ್ಲಾ ತಿಳಿದೋನೇ, ಆ ಹೊತ್ತಿಗೆ ತಡೀಲಿಲ್ಲ. ಇನ್ಯಾರೂ ಹಾಗೆ ಇಳೀಬಾರದು ಅಂತ ಬರೆದೆ. ಜನ ನೋಡಿದ್ದು ಮಾತ್ರ ಆ ಅಕ್ಷರಾನ.”

ಮೊದಲು ತನ್ನ ಕಣ್ಣು ಹೋಗಿದ್ದೂ ಆ ಅಕ್ಷರದ ಮೇಲೆಯೇ ಎಂದು ಕರಡಕ್ಕನಿಗೆ ನಾಚಿಕೆಯಾಯಿತು. ಆದರೂ ಸುಳ್ಳು ಸಮಾಧಾನ ಹೇಳುವ ಜಾಯಮಾನ ಅವಳದಲ್ಲ.

“ನೋಡಮ್ಮ, ಲೇಖನದಲ್ಲಿ ಬಾವಿ ಅಂತಲೇ ಇರಬೇಕು. ಹುಡುಕೋರು ಹಾಗೇ ಹುಡುಕ್ತಾರೆ. ಪುಟ ಸಿಗದೇ ಹೋದ್ರೆ ನಿಮ್ಮಣ್ಣನ ಮಾತು ಯಾರಿಗೆ ಮುಟ್ಟುತ್ತೆ? ಆದ್ರೆ ಆ ಹಲಗೆಯ ಫೋಟೋ ಹಾಕು. ಅಡಿಯಲ್ಲಿ ಅವನು ಬರೆದ ಮಾತು ಬರಲಿ. ನಮ್ಮ ಅಚ್ಚುಕೂಟದಲ್ಲಿ ಒಂದು ಕಟ್ಟಳೆ ಇತ್ತು. ಇನ್ನೊಬ್ಬರ ಬರಹಾನ ಉದ್ಧರಣ ಚಿಹ್ನೆಯೊಳಗೆ ಕೊಟ್ಟಾಗ ಅದರ ಒಂದು ಅಕ್ಷರಾನೂ ಮುಟ್ಟೋ ಹಾಗಿಲ್ಲ. ಅದು ತಪ್ಪಲ್ಲ, ಅದು ಅವರದು.”

ಆ ಕಡೆಯಿಂದ “ಮೂಲ ಎಲ್ಲಿ ಹುಡುಕೋದು ಅಕ್ಕ?” ಎಂಬ ಪ್ರಶ್ನೆ ಬಂತು.

ಮರುದಿನ ಇಬ್ಬರೂ ಗ್ರಂಥಾಲಯದಲ್ಲಿ ಧೂಳು ಕುಡಿದರು. ಕಾರ್ಮಿಕರ ಸುರಕ್ಷತೆಯ ಹಳೆಯ ಕೈಪಿಡಿಯೊಂದರಲ್ಲಿ ಅಣ್ಣ ಹೇಳುತ್ತಿದ್ದುದೆಲ್ಲ ಹೆಚ್ಚುಕಡಿಮೆ ಹಾಗೆಯೇ ಅಚ್ಚಾಗಿತ್ತು. ಅಂಗಡಿಯವಳು ಆ ಪುಟದ ಮೇಲೆ ಕೈಯಾಡಿಸಿದಳು. ಆಮೇಲೆ ಅಲ್ಲಿನ ಕಂಪ್ಯೂಟರಿನ ಮುಂದೆ ಕುಳಿತು, ಕೈಪಿಡಿಯ ಹೆಸರು ಸೇರಿಸಿ, ಹಲಗೆಯ ಫೋಟೋ ಹಾಕಿ, ಅದರ ಅಡಿಯಲ್ಲಿ ಅಣ್ಣನ ಮಾತನ್ನು ಭಕಾರ ಸಮೇತ ಬರೆದು, ಉಳಿದ ಕಡೆ ಒಂದೊಂದೇ ಭಕಾರವನ್ನು ಹುಡುಕಿ ಬದಲಿಸತೊಡಗಿದಳು. ಒಂದನ್ನು ಬಿಟ್ಟು ಮುಂದೆ ಹೋದಳು. ಕರಡಕ್ಕನ ಕೈ ತುರಿಸಿತು. ಎರಡೂ ಕೈಗಳನ್ನು ತೊಡೆಯಡಿ ಇಟ್ಟುಕೊಂಡು, ಹಲ್ಲು ಕಚ್ಚಿ ಕುಳಿತಳು. ಅಂಗಡಿಯವಳೇ ಹಿಂದಿರುಗಿ ಬಂದು ಸರಿಮಾಡಿದ ಮೇಲೆ ಉಸಿರು ಬಿಟ್ಟಳು.

ಗಡುವಿಗೆ ಮುಂಚೆಯೇ ಅಳಿಸುವ ಸೂಚನೆ ಹೋಯಿತು. ಪುಟ ಉಳಿಯಿತು.

ಮುಂದಿನ ವಾರ ಬೆಳಿಗ್ಗೆ ಕಾಫಿ ಹೀರುತ್ತ, ಯಾರು ಏನು ತಿದ್ದಿದರೆಂದು ತೋರಿಸುವ ಪುಟದ ಇತಿಹಾಸ ತೆರೆದ ಕರಡಕ್ಕನಿಗೆ ಮೈಯೆಲ್ಲ ಉರಿಯಿತು. ಫೋಟೋದ ಅಡಿಬರಹಕ್ಕೆ ಹದ್ದು ಕೈಹಾಕಿದ್ದ. ಭ ಹೋಗಿ ಬ ಬಂದಿತ್ತು. ಕಾರಣ: ‘ಕಾಗುಣಿತ ತಿದ್ದಿದೆ.’

“ಇವನಿಗೆ ಮಾಡ್ತೀನಿ ಇರು!” ಎಂದು ಲೋಟ ಕುಕ್ಕಿ, ತಿದ್ದಿದ್ದನ್ನು ರದ್ದು ಮಾಡಲು ಹೊರಟವಳು ಅಲ್ಲೇ ನಿಂತಳು. ಅದರ ಮೇಲೆ ಇನ್ನೊಂದು ಸಾಲಿತ್ತು. ಅಂಗಡಿಯವಳು ಆಗಲೇ ಭಕಾರವನ್ನು ಅದರ ಜಾಗಕ್ಕೆ ತಂದು ಕೂರಿಸಿದ್ದಳು. ಕಾರಣವನ್ನೂ ಬರೆದಿದ್ದಳು:

‘ಇದು ತಪ್ಪಲ್ಲ. ಹಲಗೆಯ ಮೇಲಿದ್ದಂತೆ ಕೊಟ್ಟಿದೆ. ಮೂಲ: ನಮ್ಮಣ್ಣ.’