ಹತ್ತನೆಯ ಬೋಲ್ಟ್

ಹಾಲು ಉಕ್ಕುವ ಮೊದಲಿನ ಆ ಸಣ್ಣ ಸದ್ದು ಇವತ್ತೂ ಬಂತು, ಒಲೆ ಆರಿಸಿದೆ, ನೆಂಟರೆಲ್ಲ ನಿನ್ನೆ ಸಂಜೆ ಹೊರಟರು, ಗಂಡನನ್ನು ಮಣ್ಣು ಮಾಡಿ ಬಂದ ಮೇಲೆ ಮನೆಯಲ್ಲಿ ಮನೆಯವರಷ್ಟೇ ಇರುವ ಮೊದಲ ಬೆಳಗು ಇದು, ನಾಲ್ಕು ಲೋಟ ಇಟ್ಟಿದ್ದೇನೆ, ಮೂರು ಸಾಕು — ಅತ್ತೆ, ಮೈದುನ, ನಾನು — ನಾಲ್ಕನೆಯದನ್ನು ಸುಮ್ಮನೆ ಮತ್ತೆ ತೊಳೆಯುತ್ತೇನೆ, ಕಿಟಕಿಯಲ್ಲಿ ಬೆಳಕಿಲ್ಲ, ಕಿಟಕಿಗೆ ಒತ್ತಿಕೊಂಡಂತೆ ಲಾರಿ ನಿಂತಿದೆ, ಕ್ಯಾಬಿನ್ ಮುಂದಕ್ಕೆ ಬಾಗಿಸಿ, ಇಂಜಿನ್ ಮೇಲೆ ನೀಲಿ ಟಾರ್ಪಾಲು, ಅದರ ನೀಲಿಯೇ ಅಡುಗೆಮನೆಗೂ, ನನ್ನ ಕೈಗೂ. ಗಾಳಿಗೆ ಟಾರ್ಪಾಲಿನ ಅಂಚು ಏಳುತ್ತದೆ, ಕಾಣುತ್ತದೆ, ಒಂಬತ್ತು ಬೋಲ್ಟುಗಳ ತಲೆಯ ಮೇಲೆ ಒಂಬತ್ತು ಕೆಂಪು ಚುಕ್ಕೆ, ಹತ್ತನೆಯದು ಬರಿದು, ಅದರಾಚೆಯ ನಾಲ್ಕೂ. ಬಿಗಿದದ್ದು ಯಾವುದು, ಬಿಗಿಯದ್ದು ಯಾವುದು ಮರೆಯಬಾರದೆಂದು ಅವನು ಹಾಗೆ ಗುರುತು ಹಾಕುತ್ತಿದ್ದ, ನನ್ನ ಉಗುರುಬಣ್ಣದಲ್ಲಿ, ಕೇಳದೆ ತೆಗೆದುಕೊಂಡು. ನಿನಗೆ ಹತ್ತು ಉಗುರು, ನನಗೆ ಹದಿನಾಲ್ಕು ಬೋಲ್ಟು, ನನಗೇ ಜಾಸ್ತಿ ಬೇಕು ತಾನೇ ಅನ್ನುತ್ತಿದ್ದ. ಶೀಶೆ ಇನ್ನೂ ಬಂಪರಿನ ಮೇಲಿದೆ, ಮುಚ್ಚಳ ತೆರೆದು, ಒಣಗಿ.

ಹತ್ತು ಗಂಟೆಗೆ ಮೇಸ್ತ್ರಿ ಬರುತ್ತಾನೆ, ಉತ್ತರ ಬೇಕಂತೆ. ಗ್ಯಾಸ್ಕೆಟ್ ಬದಲಿಸಿದರೆ ಸಾಕು ಅಂದುಕೊಂಡಿದ್ದ ಎಡಚ — ಅವನನ್ನು ಮೇಸ್ತ್ರಿ ಕರೆಯುವುದೇ ಹಾಗೆ — ಆದ್ರೆ ಒಳಗೆ ಪಿಸ್ಟನ್ ಓಡಾಡೋ ಬೋರೇ ಸವೆದು ಹೋಗಿದೆ ತಾಯಿ, ಡೀಸೆಲ್‌ಗಿಂತ ಆಯಿಲ್ ಜಾಸ್ತಿ ಕುಡೀತಿದೆ, ಇದನ್ನೇ ಪೂರ್ತಿ ಬಿಚ್ಚಿ ಕಟ್ಟೋದಾದ್ರೆ ಎರಡು ತಿಂಗಳು, ಬೇರೆ ಇಂಜಿನ್ ಕೂರಿಸೋದಾದ್ರೆ ನಾಲ್ಕು ದಿನ, ನೀವೇ ಹೇಳ್ಬೇಕು, ಗಾಡಿ ನಿಮ್ಮ ಹೆಸರಲ್ಲಿದೆ. ನನ್ನ ಹೆಸರಲ್ಲಿ, ಹೌದು, ಮದುವೆಯಾದ ವರ್ಷ, ಎಂ.ಎ. ಮಾಡಿದ್ದೀಯ, ಸಹಿ ಹಾಕೋಕೆ ಕೆಲಸ ಬೇಡ್ವಾ ಅಂದು ನಕ್ಕು ಬರೆಸಿದ. ಅತ್ತಿಗೆ, ಬೇರೇದು ಕೂರಿಸಿಬಿಡೋಣ, ಮುಂದಿನ ವಾರ ನಾನೇ ಲೋಡ್ ಎತ್ತುತೀನಿ, ಗಾಡಿ ನನ್ನ ಹೆಸರಿಗೆ ಮಾಡಿಕೊಟ್ರೆ ನಿಮಗೂ ತಲೆನೋವಿಲ್ಲ, ನಿಮ್ಮ ಕಾಲೇಜು ಕೆಲಸ ನೋಡ್ಕೋಬಹುದು — ಮೈದುನ, ನೆಲ ನೋಡುತ್ತ. ಅವನ ಕೈಯಾಡಿದ ಇಂಜಿನ್ನನ್ನ ಗುಜರಿಗೆ ಹಾಕ್ತೀರೇನ್ರೋ, ಅತ್ತೆ, ನನ್ನನ್ನೇ ನೋಡುತ್ತ, ಅದು ಆಚೆ ಹೋದ ದಿನ ಇವಳೂ ಹೋಗ್ತಾಳೆ, ನನಗೆ ಗೊತ್ತಿಲ್ವಾ. ನನಗೇ ಗೊತ್ತಿರಲಿಲ್ಲ, ಅವರು ಹೇಳಿದ ಮೇಲೆ ಗೊತ್ತಾಯಿತು. ಕಟ್ಟಿದರೆ ಇರುವುದು, ಬದಲಿಸಿದರೆ ಹೊರಡುವುದು, ನಡುವೆ ಈ ನೀಲಿ ಅಡುಗೆಮನೆ. ಕಟ್ಟಿದರೂ ಒಂಬತ್ತು ಬೋಲ್ಟೂ ಬಿಚ್ಚಲೇಬೇಕಂತೆ, ಚುಕ್ಕೆಗಳು ಯಾವ ದಾರಿಯಲ್ಲೂ ಉಳಿಯುವುದಿಲ್ಲ, ಅದನ್ನು ಅತ್ತೆಗೆ ಯಾರೂ ಹೇಳಿಲ್ಲ.

ಎಡಗೈ ಸೆಳೀತಿದೆ ಕಣೇ ಅಂದ ಆವತ್ತು, ಒಂಬತ್ತನೆಯ ಬೋಲ್ಟು ಬಿಗಿದ ಮೇಲೆ, ಬಾಗಿಲಲ್ಲಿ ನಿಂತು. ಎಡಚ ಅವನು, ಎಳೆಯುವುದೆಲ್ಲ ಎಡಗೈಯಲ್ಲೇ, ಇಂಜಿನ್ನಿನ ಹೆಡ್ ಬಿಗಿದಾಗಲೆಲ್ಲ ಎರಡು ದಿನ ಸೆಳೆಯುತ್ತದೆ, ಸೆಳೆಯುತ್ತಿತ್ತು. ಅಷ್ಟುದ್ದ ಸ್ಪ್ಯಾನರ್ ಎಳೆದ್ರೆ ಸೆಳೀದೆ ಮುದ್ದು ಮಾಡುತ್ತಾ ಅಂದೆ, ಅವನೂ ನಕ್ಕ, ಮುಲಾಮು ಹಚ್ಚಿದೆ, ಭುಜದಿಂದ ಮೊಣಕೈವರೆಗೆ, ಮತ್ತೆ ಭುಜದಿಂದ, ಬೆವರುತ್ತಿದ್ದ, ಬಿಸಿಲಲ್ಲಿ ದುಡಿದವನು ಬೆವರದೆ ಇರುತ್ತಾನೆಯೇ. ಒಂದು ಗಂಟೆ ಮೊದಲು ಕರ್ಕೊಂಡು ಬಂದಿದ್ರೆ ಅಂದರು ಡಾಕ್ಟರು. ಆ ಒಂದು ಗಂಟೆ ನಾನು ಉಜ್ಜುತ್ತಿದ್ದೆ.

ಮೇಸ್ತ್ರಿ ಬಂದ, ಚಪ್ಪಲಿ ಬಿಡುವ ಸದ್ದು, ಹಿಂದೆ ಅತ್ತೆ, ಮೈದುನ. ನಾನು ಮಂಚದ ಪಕ್ಕದಿಂದ ಆ ಸ್ಪ್ಯಾನರ್ ತಂದೆ, ಬೇಕಾದಷ್ಟು ಬಿಗಿದಾಗ ಟಕ್ ಅನ್ನುವಂಥದ್ದು, ಸಂಜೆಗೆ ಕೊಡ್ತೀನಿ ಅಂತ ಅವನು ಮೇಸ್ತ್ರಿಯಿಂದ ತಂದಿದ್ದು, ಭಾರ, ನನ್ನ ಎರಡೂ ಕೈ ಬೇಕಾಯಿತು. ಇದು ನಿಮ್ಮದು ಅಂದೆ. ಮೇಸ್ತ್ರಿ ಹಿಡಿಯ ಮೇಲಿನ ಅಂಕಿ ನೋಡಿದ, ತಕ್ಷಣ ತಿರುಗಿಸತೊಡಗಿದ, ಸುತ್ತು, ಇನ್ನೊಂದು ಸುತ್ತು, ಸೊನ್ನೆಗೆ. ಕೆಲಸ ಮುಗಿದ ಮೇಲೆ ಸಡಿಲ ಮಾಡಿ ಇಡ್ಬೇಕು ತಾಯಿ, ಇಲ್ದಿದ್ರೆ ಒಳಗಿನ ಸ್ಪ್ರಿಂಗ್ ಸೋತು ಹೋಗುತ್ತೆ, ಎಡಚ ಎಂದೂ ಮರೀತಿರ್ಲಿಲ್ಲ ಅಂದ. ಹನ್ನೊಂದು ದಿನ ಅದು ಬಿಗಿದುಕೊಂಡೇ ಇತ್ತು, ನನ್ನ ಮಂಚದ ಪಕ್ಕ. ಏನ್ ಮಾಡೋಣ ಹೇಳಿ, ಮೇಸ್ತ್ರಿ ಕೇಳಿದ. ಬೇರೇದು ಕೂರಿಸಿ ಅಂದೆ, ನನ್ನದೇ ದನಿ, ಅತ್ತೆಯ ಲೋಟ ನೆಲಕ್ಕೆ ತಾಗಿದ ಸದ್ದು, ಮೈದುನ ಉಸಿರುಬಿಟ್ಟ, ಮೇಸ್ತ್ರಿ ಟಾರ್ಪಾಲು ಎಳೆದ, ಅಡುಗೆಮನೆಗೆ ಒಮ್ಮೆಲೇ ಬೆಳಕು, ಕಣ್ಣು ಕುಕ್ಕುವಷ್ಟು, ಒಂದು, ಎರಡು, ಕೆಂಪು, ಏಳು, ಎಂಟು, ಕೆಂಪು, ಒಂಬತ್ತು ಕೆಂಪು, ಹತ್ತನೆಯದು ಬರಿದು, ಅದರ ಮೇಲೆ ಅವನ ಎಡ ಹೆಬ್ಬೆರಳಿನ ಎಣ್ಣೆಗುರುತು, ಹತ್ತನೆಯದು, ಹತ್ತನೆಯದು