ಬಾಗಿಲಾಚೆಯ ಬೆಂಚು

ಚಾಮರಾಜಪೇಟೆಯ ಹಳೇ ಮನೆಯೊಂದನ್ನು, ಬೇರೆ ಬೇರೆ ಕಸುಬಿನವರು ಒಟ್ಟಿಗೆ ಕೂತು ಕೆಲಸ ಮಾಡುವ ಆಫೀಸಾಗಿ ರೂಪಿಸಿಕೊಟ್ಟವಳು ಸಂಧ್ಯಾ. ನಡುಮನೆಯ ಉದ್ದಕ್ಕೂ ಹಲಸಿನ ಮರದ ಒಂದೇ ಮೇಜು ಹಾಕಿಸಿದ್ದಳು. ಗುರುತಿಲ್ಲದವರು ಅಲ್ಲಿ ಹರಟಬೇಕು, ಸ್ನೇಹಿತರಾಗಬೇಕು ಎಂಬುದು ಅವಳ ಆಸೆ. ಜನ ಬಂದರು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತರು, ತಲೆ ಎತ್ತಲಿಲ್ಲ.

ಅವಳ ಕೈಕೆಳಗಿನ ಯಶಶ್ರೀ ಮಾಡಿದ್ದು ಇಷ್ಟೇ: ಬಾಗಿಲಾಚೆ ಚಪ್ಪಲಿ ಬಿಡುವ ಜಾಗದಲ್ಲಿ ಒಂದು ಬೆಂಚು ಹಾಕಿಸಿದಳು. ನಮ್ಮವರ ಸಂಗತಿ ಗೊತ್ತಲ್ಲ, "ಬರ್ತೀನಿ" ಎಂದ ಮೇಲೇ ನಿಜವಾದ ಮಾತು ಶುರುವಾಗುವುದು. ಸಂಜೆಯಾದರೆ ಒಂದು ಕಾಲಿಗೆ ಚಪ್ಪಲಿ ಮೆಟ್ಟಿ ಇನ್ನೊಂದನ್ನು ಮರೆತವರದೇ ದರಬಾರು. ಅನುವಾದ ಮಾಡುವ ಶ್ರೀವಿದ್ಯಾಗೆ ಪ್ರಕಾಶಕರು ಸಿಕ್ಕಿದ್ದೂ ಅಲ್ಲೇ. ಎಲ್ಲರ ಬಾಯಲ್ಲೂ ಯಶಶ್ರೀ, ಯಶಶ್ರೀ. ಸಂಧ್ಯಾಳ ಹೊಟ್ಟೆ ಧಗಧಗ ಉರಿಯಿತು. ತಿಂಗಳುಗಟ್ಟಲೆ ನಿದ್ದೆಗೆಟ್ಟವಳು ತಾನು, ಹೆಸರು ಮಾತ್ರ ನಿನ್ನೆ ಮೊನ್ನೆ ಬಂದ ಈ ಹುಡುಗಿಗೆ!

ಮಾಲೀಕರಾದ ವೃಷಭೇಂದ್ರಪ್ಪ ಬಿನ್ನಿಪೇಟೆಯಲ್ಲಿ ಇಂಥದೇ ಇನ್ನೊಂದು ತೆರೆಯುವವರಿದ್ದರು. ಇಬ್ಬರಲ್ಲಿ ಯಾರಿಗೆ ಅದನ್ನು ವಹಿಸಬೇಕೆಂದು ನೋಡಲು ಗುರುವಾರ ಸಂಜೆ ಬರುತ್ತೇನೆಂದಿದ್ದರು. ಅಂದು ಮಧ್ಯಾಹ್ನ ಸಂಧ್ಯಾ, ದಾರಿಗೆ ಅಡ್ಡವಾಗುತ್ತದೆ ಎಂಬ ನೆಪ ಹೇಳಿ ಬೆಂಚನ್ನು ಹಿತ್ತಲಿಗೆ ಸಾಗಹಾಕಿಸಿದಳು. ಇನ್ನೆಲ್ಲಿ ಕೂರುತ್ತಾರೋ ನೋಡೋಣ, ಮೇಜಿಗೆ ಬರಲೇಬೇಕಲ್ಲ!

ಯಾರೂ ಬರಲಿಲ್ಲ. ಬೆಂಚಿಲ್ಲವೆಂದು ಯಾರೂ ಕೊರಗಲೂ ಇಲ್ಲ. ಚಪ್ಪಲಿಗಳ ನಡುವೆ ನಿಂತೇ ಮಾತಿಗಿಳಿದರು. ಕೂರಲು ಜಾಗವಿಲ್ಲದೆ ದಿನಾ ಮನೆಗೆ ಹೋಗಿಬಿಡುತ್ತಿದ್ದವರೂ ಇವತ್ತು ನಿಂತರು. ಮೇಜಿನ ಹತ್ತಿರ ಉಳಿದವಳು ಸಂಧ್ಯಾ ಒಬ್ಬಳೇ. ಹೊರಗೆ ವೃಷಭೇಂದ್ರಪ್ಪನವರ ದನಿ ಕೇಳಿ ಎದ್ದು ಬಾಗಿಲಿಗೆ ಬಂದಳು.

"ಬೆಂಚ್ ತೆಗ್ಸಿದ್ದು ಯಾರಮ್ಮ? ಮೊದ್ಲು ನಾಲ್ಕು ಜನ ಕೂತ್ರೆ ಮುಗೀತಿತ್ತು. ಈಗ ನೋಡಿ, ಗೇಟ್‌ವರೆಗೂ ಜನ! ಭೇಷ್!"

ಯಶಶ್ರೀ ಮುಂದೆ ಬಂದಳು.

"ಸಂಧ್ಯಾ ಮೇಡಂ ತೆಗ್ಸಿದ್ದು ಸಾರ್. ನಂಗಿದು ಹೊಳೀಲೇ ಇಲ್ಲ ನೋಡಿ."

ಅವಳ ಮಾತಿನಲ್ಲಿ ಎಳ್ಳಷ್ಟೂ ಕುಹಕವಿರಲಿಲ್ಲ.

"ಹಾಗಾದ್ರೆ ಬಿನ್ನಿಪೇಟೆ ನಿಮ್ದೇ ಬಿಡಿ, ಸಂಧ್ಯಾ."

ಎಲ್ಲರೂ ಚಪ್ಪಾಳೆ ತಟ್ಟಿದರು. ಸಂಧ್ಯಾ ನಕ್ಕು ಕೈಮುಗಿದಳು. ಬೇಕಾದದ್ದು ಕೈಗೆ ಬಂದಿತ್ತು, ಉರಿ ಮಾತ್ರ ಆರಲಿಲ್ಲ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದವಳು ಯಶಶ್ರೀ. ಕೆಲಸ ಅವಳ ಪಾಲಾಗಿದ್ದರೆ ತನಗೆ ಹಾಗೆ ತಟ್ಟಲು ಆಗುತ್ತಿರಲಿಲ್ಲ ಎಂದು ಸಂಧ್ಯಾಗೆ ಚೆನ್ನಾಗಿ ಗೊತ್ತಿತ್ತು. ಆ ಹುಡುಗಿಯ ಮೇಲೆ ಅವಳಿಗೆ ಮೊದಲಿಗಿಂತ ಹೆಚ್ಚು ಹೊಟ್ಟೆಕಿಚ್ಚಾಯಿತು.